ಕಾರಿನ ಚಾಲನಾ ಬೀಗಕ್ಕೆ ತಕ್ಕ ಲೇಪ

ಬಾಗಲಕೋಟೆಯ ಸುಣ್ಣಕಲ್ಲು, ಬಾದಾಮಿಯ ಮರಳುಗಲ್ಲು, ಹುನಗುಂದ-ಇಳಕಲ್ಲುಗಳ ಕೆಂಪು ಗ್ರಾನೈಟು: ಇವುಗಳ ಧೂಳು ಕಾರಿನ ಚಾಲನಾ ಬೀಗವನ್ನೂ ಹೊಗುವುದು. ಬೀಗವು ಬಿಗಿಯಾದೊಡನೆ ಕೊಬ್ಬರಿ ಎಣ್ಣೆಯನ್ನು ಹನಿಸುವ ರೂಢಿಯನ್ನು ನಾವು ಒಪ್ಪಲಾರೆವು. ಒಳಗಿನ ತೆಳುವಾದ ಹಿತ್ತಾಳೆಯ ಬಿಲ್ಲೆಗಳು ಕೀಲಿಕೈಯ ಹಲ್ಲುಗಳಿಗನುಸಾರವಾಗಿ ಸರಿದಲ್ಲದೆ ಉರುಳೆಯು ತಿರುಗದು. ಬಲವಂತಪಡಿಸಿದರೆ ಕೀಲಿಕೈ ಒಳಗೇ ಮುರಿಯಬಹುದು. ಎಣ್ಣೆಯು ಕೆಲದಿನ ಸುಖವೀಯುವುದು ನಿಜ. ಬಳಿಕ ಧೂಳನ್ನು ಹಿಡಿದು ಅಂಟಾಗುವುದು. ಬಾದಾಮಿ, ಇಳಕಲ್ಲುಗಳ ಕಲ್ಲಿನಲ್ಲಿರುವ ಸ್ಫಟಿಕಕಣಗಳು ಹಿತ್ತಾಳೆಗಿಂತ ಕಠಿಣವಾದುದರಿಂದ ಆ ಅಂಟು ಬಿಲ್ಲೆಗಳನ್ನು ಅರದಂತೆ ಸವೆಸುವುದು. ಗ್ರಾಫೈಟು ಪುಡಿಯ ಪದರಗಳು ಒಣಗಿದ್ದೇ ಒಂದರ ಮೇಲೊಂದು ಜಾರುವುವು. ಆದರೆ ಅದು ವಿದ್ಯುದ್ವಾಹಕ. ಬೀಗದ ಹಿಂದೆಯೇ ಸ್ವಿಚ್ಚಿರುವುದರಿಂದ ಚಿಟಿಕೆಗಿಂತ ಹೆಚ್ಚು ಸಲ್ಲದು. ಟೆಫ್ಲಾನಿನ ಒಣಲೇಪಕ್ಕೆ ಈ ದೋಷವಿಲ್ಲವಾಗಿ ಅದನ್ನೇ ನಾವು ಮೇಲೆನ್ನುವೆವು. ಹಿಂದೆ ಎಣ್ಣೆ ಬಿಟ್ಟಿದ್ದಲ್ಲಿ, ವಿದ್ಯುತ್ ಸಂಪರ್ಕಗಳನ್ನು ಶುಚಿಗೊಳಿಸುವ ದ್ರವದಿಂದ ಮೊದಲು ತೊಳೆದು ಒಣಗಿಸತಕ್ಕದ್ದು. ಇಷ್ಟಾದರೂ ಬೀಗ ಕಚ್ಚಿದರೆ ಜೋಡಿ ಕೀಲಿಕೈಯನ್ನು ಹಾಕಿ ನೋಡಬೇಕು. ಸವೆದಿರುವುದು ಕೀಲಿಕೈಯೇ ಇರಬಹುದು.