ನಮ್ಮ ನಂತರ ಈ ಮಗುವಿಗೆ ಯಾರು?

ಸೊರಬ ತಾಲ್ಲೂಕಿನ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ತಾಯಿಯೊಬ್ಬರು ನಲವತ್ತೆರಡು ವರ್ಷದ ಮಗನ ಕೈಹಿಡಿದು ಶಿಕಾರಿಪುರದ ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಮಗನಿಗೆ ಹುಟ್ಟಿನಿಂದ ಬೌದ್ಧಿಕ ವಿಕಲತೆ, ಜೊತೆಗೆ ಅಪಸ್ಮಾರ. ತಾಯಿಗೆ ನಿದ್ರೆಯಿಲ್ಲ. ವರ್ಷಗಟ್ಟಲೆ ನಾವು ಔಷಧ ಕೊಟ್ಟೆವು. ಒಮ್ಮೆ ಅವರೇ, "ಡಾಕ್ಟ್ರೇ, ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಹಾಕೋರು ಯಾರು?" ಎಂದರು. ಅನಿದ್ರೆಯ ನಿದಾನ ಅಲ್ಲಿತ್ತು. ಚಿಂತೆಯೇ ನಿದ್ರಾನಾಶಕ್ಕೆ ಕಾರಣವೆಂದು ಓದಿದ ನಾವು ಆ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು.

ಗದ್ದೆ, ಅಡಿಕೆ ತೋಟಗಳನ್ನು ಹಿರಿಯ ಮಗನ ಹೆಸರಿಗೆ ಬರೆದು, ತಮ್ಮನನ್ನು ನೋಡಿಕೊಳ್ಳಲು ಹೇಳುವುದು ಅವರ ಯೋಚನೆಯಾಗಿತ್ತು. ಹಿರಿಯ ಮಗ ಒಳ್ಳೆಯವನೇ. ಆದರೆ ನಾಳೆ ಅವನಿಗೇ ಏನಾದರೂ ಆದರೆ ಆಸ್ತಿ ಅವನ ವಾರಸುದಾರರಿಗೆ ಹೋಗುತ್ತದೆ. ಬಾಯಿಮಾತು ಅದರೊಡನೆ ಹೋಗುವುದಿಲ್ಲ. ಅಂಗವೈಕಲ್ಯದ ಕಾರಣಕ್ಕೆ ಯಾರೂ ಪಿತ್ರಾರ್ಜಿತದ ಹಕ್ಕು ಕಳೆದುಕೊಳ್ಳುವುದಿಲ್ಲವೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಕಿರಿಯವನಿಗೂ ಪಾಲುಂಟು, ಅದನ್ನು ಅವನಿಗಾಗಿ ಕಾಯುವವರು ಬೇಕು.

ಇಂತಹ ಮನೆಗಳ ಸದ್ಭಕ್ತರು ಈ ಕೆಲಸಗಳನ್ನು ಕ್ರಮವಾಗಿ ಮಾಡಬೇಕೆಂದು ನಮ್ಮ ವಿನಂತಿ.

ಮೊದಲನೆಯದು, ವಿಶಿಷ್ಟ ಅಂಗವಿಕಲತಾ ಗುರುತಿನ ಚೀಟಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಎರಡನೆಯದು, ಪಾಲಕತ್ವ. ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾನಾಗಿಯೇ ಪಾಲಕರಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಹಾಗೂ ಬಹುವಿಧ ವಿಕಲತೆ ಉಳ್ಳವರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ನಮ್ಮ ಎರಡೂ ತಾಲ್ಲೂಕಿನವರಿಗೆ ಅದು ಶಿವಮೊಗ್ಗದಲ್ಲಿ. ಇದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ.

ಮೂರನೆಯದು, ಉಯಿಲು. ಇಬ್ಬರು ಸಾಕ್ಷಿಗಳ ಸಹಿ ಅಗತ್ಯ; ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಕ್ಷೇಮ. ಹಣ ಹೆಚ್ಚಿದ್ದರೆ ವಕೀಲರನ್ನು ಕಂಡು, ನಂಬುಗೆಯ ಇಬ್ಬರು ಮೂವರನ್ನು ಸೇರಿಸಿ ಖಾಸಗಿ ನ್ಯಾಸ ರಚಿಸಬಹುದು. ಬ್ಯಾಂಕ್ ಠೇವಣಿಯ ನಾಮಿನಿ ಹಣವನ್ನು ಪಡೆಯುವವರೇ ಹೊರತು ಒಡೆಯರಲ್ಲ ಎಂಬುದೂ ನೆನಪಿರಲಿ. ಸರ್ಕಾರಿ ನೌಕರಿಯಲ್ಲಿದ್ದವರು ಮಗುವಿನ ಹೆಸರನ್ನು ಕುಟುಂಬ ಪಿಂಚಣಿಯ ದಾಖಲೆಯಲ್ಲಿ ಈಗಲೇ ಸೇರಿಸಲು ವಿಚಾರಿಸಬೇಕು.

ನಾಲ್ಕನೆಯದು ವೈದ್ಯರಾಗಿ ನಾವು ಹೇಳುವ ಮಾತು. ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ದಿನಚರಿ ಬರೆದಿಡಿ: ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಯಾವ ಆಹಾರ ಒಗ್ಗದು, ಯಾವುದಕ್ಕೆ ಹೆದರುತ್ತಾನೆ, ನೋವಾದರೆ ಹೇಗೆ ತೋರಿಸುತ್ತಾನೆ. ಅಪಸ್ಮಾರದ ಗುಳಿಗೆ ಒಂದು ದಿನವೂ ತಪ್ಪಬಾರದು. ಆಯುರ್ವೇದ ಔಷಧ ಕೊಡುತ್ತಿದ್ದರೂ ಅದನ್ನು ತಾವಾಗಿ ನಿಲ್ಲಿಸಬಾರದು.

ಆ ತಾಯಿ ಅಕ್ಷರ ಕಲಿತವರಲ್ಲ. ಅವರು ಹೇಳಿದಂತೆ ಹಿರಿಯ ಮಗನ ಮಗಳು ಬರೆದಳು. ಬರೆಯುತ್ತ ಅವಳು ಚಿಕ್ಕಪ್ಪನನ್ನು ಅರಿತಳು. ಈಗ ಗುಳಿಗೆ ಕೊಡುವವಳು ಅವಳೇ. ತಾಯಿಯ ಔಷಧ ನಿಂತಿಲ್ಲ, ಆದರೆ ನಿದ್ರೆ ಬರುತ್ತಿದೆ.

ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವಿಯ ನೆಲದವರು ನಾವು. ದಾಸೋಹ ಮೊದಲಾಗುವುದು ನಮ್ಮ ಮನೆಯ ದುರ್ಬಲರಿಂದ. ಶರಣು ಶರಣಾರ್ಥಿ.