ಸೊಂಟ ನೋವು ಬರೀ ಸೊಂಟದಲ್ಲಿಲ್ಲ!

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ ಸ್ವಾಮಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಸೊಂಟಕ್ಕೆ ಕೈ ಕೊಟ್ಟು ‘ಅಯ್ಯಪ್ಪಾ’ ಅನ್ನೋರು ಎಷ್ಟು ಮಂದಿ!

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ಹೊಗೆಸೊಪ್ಪು, ಕೆ.ಆರ್.ನಗರದಲ್ಲಿ ಭತ್ತ. ಬೆಳೆ ಬೇರೆಯಾದರೂ ಬಗ್ಗೋದು ತಪ್ಪಿದ್ದಲ್ಲ. ನಾಟಿಗೆ ಬಗ್ಗಬೇಕು, ಬುಡದ ಸೊಪ್ಪು ಮುರಿಯಲು ಬಗ್ಗಬೇಕು, ಹೊರೆ ಹೊರಬೇಕು, ನಿದ್ದೆಗೆಟ್ಟು ಬ್ಯಾರನ್ ಬೆಂಕಿ ಕಾಯಬೇಕು. ಅಂಗಡಿಯವರಿಗೆ ಮೂಟೆ ಎತ್ತೋದು, ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರೋದು.

ಉಳುಕಿದ ಸೊಂಟ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಮೂರು ತಿಂಗಳು ದಾಟಿದರೆ ಮಾತ್ರ ಲೆಕ್ಕವೇ ಬೇರೆ. ಪೆಟ್ಟು ಮಾಗಿದ್ದರೂ ನರ, ಮಿದುಳು ಅಪಾಯದ ಗಂಟೆ ಬಾರಿಸುತ್ತಲೇ ಇರಬಹುದು. ಬೆನ್ನುಹುರಿಯಲ್ಲಿ ನೋವಿಗೊಂದು ‘ಗೇಟು’ ಇದೆ, ಮಿದುಳೂ ಅದನ್ನು ಹಿಗ್ಗಿಸಿ ಕುಗ್ಗಿಸಬಲ್ಲದು ಎಂದು ಮೆಲ್ಜಾಕ್, ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ಹೇಳಿದರು. ನಿದ್ದೆಗೇಡು, ಸಾಲದ ಚಿಂತೆ, ಹರಾಜಿನಲ್ಲಿ ಬೆಲೆ ಏನಾಗುತ್ತೋ ಎಂಬ ದಿಗಿಲು, ಇವೆಲ್ಲ ಆ ಗೇಟು ತೆರೆಯುವ ಕೈಗಳು.

ಇನ್ನೊಂದು ಶತ್ರು ಭಯ. ‘ಬಗ್ಗಿದರೆ ಬೆನ್ನೇ ಹೋದೀತು’ ಎಂದು ಮಲಗಿಬಿಡುತ್ತಾರೆ. ಮಲಗಿದಷ್ಟೂ ಮಾಂಸಖಂಡ ಸೊರಗುತ್ತದೆ, ಸೊರಗಿದ ಮೈಗೆ ಸಣ್ಣ ಕೆಲಸವೂ ನೋವು, ನೋವಿನಿಂದ ಮತ್ತಷ್ಟು ಭಯ. ಹೀಗೆ ದುಡಿಯೋ ಆಳು ಮೂಲೆ ಸೇರುತ್ತಾನೆ. ಸ್ಕ್ಯಾನಿಂಗ್‌ನಲ್ಲಿ ‘ಡಿಸ್ಕ್ ಉಬ್ಬಿದೆ’ ಅಂದಾಕ್ಷಣ ಎದೆ ಒಡೆದುಕೊಳ್ಳಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಹಾಗೇ ಇರುತ್ತದೆ.

ಹಾಗಂತ ‘ಎಲ್ಲಾ ನಾಟಕ’ ಅನ್ನೋ ಮಾತೂ ತಪ್ಪು. ನೋವು ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಬರೀ ನೋವಿಗೆ ಜಾಗವಿಲ್ಲ. ಸರ್ಟಿಫಿಕೇಟೂ ಇಲ್ಲ, ಮನೆಯವರ ಮರುಕವೂ ಇಲ್ಲ ಅಂದರೆ ಪಾಪ, ಎಲ್ಲಿಗೆ ಹೋಗೋದು?

ದಾರಿ ಇದೆ. ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ಕೆಲಸವನ್ನು ಮೆಲ್ಲಗೆ ಹೆಚ್ಚಿಸಿ, ಒಂದೇ ಭಂಗಿಯಲ್ಲಿ ಕೂರಬೇಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ಹೇಳಿದ್ದೂ ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಚಿಕಿತ್ಸೆಯನ್ನೇ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಕ್ಕೆ ಕುತ್ತು. ಕಾಲು ಸೋತರೆ, ಮಲಮೂತ್ರ ಹಿಡಿತ ತಪ್ಪಿದರೆ, ನೋವಿನ ಜತೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನಸ್ಸು ಕುಸಿದರೆ ಸರ್ಕಾರದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕಾಸು ಕೊಡಬೇಕಿಲ್ಲ.

ಮನೆಯವರಿಗೊಂದು ಮಾತು: ‘ಸುಮ್ನೆ ಬಿದ್ಕೋ’ ಅನ್ನಬೇಡಿ, ‘ನಾಟಕ ಬಿಡು’ ಅಂತಲೂ ಅನ್ನಬೇಡಿ. ‘ಬಾ, ಕೆರೆ ಏರಿವರೆಗೆ ನಡೆದು ಬರೋಣ’ ಅನ್ನಿ. ಅರ್ಧ ಮದ್ದು ಅಲ್ಲೇ ಇದೆ.