ಹಾಸನದ ಹೃದಯಾಘಾತದ ಸುದ್ದಿ: ಸಂಶೋಧನೆಯನ್ನು ತರಗತಿಗೆ ತರುವ ಬಗೆ

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಬಂತು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು ಎಂಬುದು ಸುದ್ದಿ. ಜುಲೈನಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನರ ಸಾಲು ಬೆಳೆಯಿತು. ಅದರ ನಂತರ ಅರಸೀಕೆರೆ, ಬೇಲೂರು, ಹಳೇಬೀಡಿನ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋದ ನಮ್ಮ ಪ್ರಶಿಕ್ಷಣಾರ್ಥಿಗಳು ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಹೃದಯದ ಚಿತ್ರ ಬರೆಯುತ್ತಿದ್ದಂತೆ ಮಕ್ಕಳಿಂದ ಪ್ರಶ್ನೆಗಳು ಬಂದವು. ವೀಕ್ಷಣಾ ಪುಸ್ತಕದಲ್ಲಿ ನಾನು ಗುರುತು ಹಾಕಿಕೊಂಡ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಪಠ್ಯಪುಸ್ತಕದಲ್ಲಿ ಇವಕ್ಕೆ ನೇರ ಉತ್ತರವಿಲ್ಲ, ಸಂಶೋಧನೆಗಳಲ್ಲಿ ಇದೆ.

ಮೊದಲ ಪ್ರಶ್ನೆ: “ನಮ್ಮ ಜಿಲ್ಲೆಯಲ್ಲೇ ಯಾಕೆ ಸಾರ್ ಇಷ್ಟೊಂದು ಜನ ಸಾಯ್ತಾರೆ?”

ಇದಕ್ಕೆ ಉತ್ತರ ಹುಡುಕಲು ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ 4ಕ್ಕೆ ಬೇರೆ ಕಾರಣಗಳಿದ್ದವು. ಹಿಂದಿನ ಅವಧಿಗಳಿಗೆ ಹೋಲಿಸಿದರೆ ಹಠಾತ್ ಏರಿಕೆ ಕಾಣುವುದಿಲ್ಲ ಎಂದು ಸಮಿತಿ ಹೇಳಿತು.

ಇದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಬೇಕು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ದೇಶದಲ್ಲಿ ವರ್ಷಕ್ಕೆ ಸಾವಿರ ಮಂದಿಗೆ ಸುಮಾರು 6 ಸಾವು ಸಂಭವಿಸುತ್ತವೆ. ಈ ದರದಲ್ಲಿ ಜಿಲ್ಲೆಯಲ್ಲಿ ದಿನಕ್ಕೆ ಎಲ್ಲ ಕಾರಣಗಳಿಂದ ಸುಮಾರು 29 ಸಾವು, ನಲವತ್ತು ದಿನಕ್ಕೆ ಸುಮಾರು 1,170. ದೇಶದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಕಾಲು ಭಾಗಕ್ಕಿಂತ ಹೆಚ್ಚು. ಅಂದರೆ ಸುದ್ದಿಯಾಗದ ನಲವತ್ತು ದಿನಗಳಲ್ಲೂ ಸುಮಾರು ಮುನ್ನೂರು ಮನೆಗಳಲ್ಲಿ ಇದೇ ದುಃಖ ಇರುತ್ತದೆ. ಸುದ್ದಿ ಕೊಟ್ಟದ್ದು ಅಂಶವನ್ನು ಮಾತ್ರ. ಛೇದವನ್ನು ನಾವು ಹುಡುಕಿಕೊಳ್ಳಬೇಕು. ಗಣಿತದ ಭಿನ್ನರಾಶಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು “ಹಾಗಾದರೆ ಏನೂ ಆಗಿಲ್ಲ” ಎಂದುಕೊಳ್ಳುತ್ತಾರೆ. ಚಿಕ್ಕ ವಯಸ್ಸಿನ ಸಾವುಗಳು ನಿಜ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರ ಮಾಹಿತಿಯಿಂದ 2007ರಲ್ಲಿ ಹೊರಬಂದ ವಿಶ್ಲೇಷಣೆಯ ಪ್ರಕಾರ ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53. ಉಳಿದ ದೇಶಗಳವರಲ್ಲಿ 58.8. ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಮೊದಲಾದ ಒಂಬತ್ತು ಅಂಶಗಳು ಸೇರಿ ಹೃದಯಾಘಾತದ ಅಪಾಯದ 90 ಪ್ರತಿಶತಕ್ಕಿಂತ ಹೆಚ್ಚನ್ನು ವಿವರಿಸುತ್ತವೆ. ಹಾಸನದ ಸಮಸ್ಯೆ ಹಾಸನದ್ದಷ್ಟೇ ಅಲ್ಲ, ಬಹುಪಾಲು ತಡೆಯಬಹುದಾದದ್ದು.

ಎರಡನೇ ಪ್ರಶ್ನೆ: “ಕೊರೋನಾ ಲಸಿಕೆ ಹಾಕಿಸಿಕೊಂಡಿದ್ದಕ್ಕೇನಾ ಮಿಸ್?”

ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದನ್ನೇ ಮಗು ತರಗತಿಗೆ ತಂದಿದೆ. ಅದನ್ನು ಗದರಿಸಬಾರದು. ಒಂದರ ನಂತರ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಎಂದು ಮನಸ್ಸು ಹೇಳುವುದು ಸಹಜ. ಆದರೆ ತೀರಿಕೊಂಡವರು ಲಸಿಕೆ ಪಡೆದಿದ್ದರು ಎಂದಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ. ಬದುಕಿರುವವರಲ್ಲೂ ಹೆಚ್ಚಿನವರು ಪಡೆದಿದ್ದಾರೆ. ಆದ್ದರಿಂದ ಹೋಲಿಕೆ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿದ್ದು ಇದನ್ನೇ. 19 ರಾಜ್ಯಗಳ 47 ಆಸ್ಪತ್ರೆಗಳ ಮೂಲಕ, 2021ರ ಅಕ್ಟೋಬರಿನಿಂದ 2023ರ ಮಾರ್ಚ್‌ವರೆಗೆ ಹಠಾತ್ತಾಗಿ ತೀರಿಕೊಂಡ 18ರಿಂದ 45 ವರ್ಷದ 729 ಮಂದಿಯ ವಿವರ ಪಡೆದು, ಅವರದೇ ವಯಸ್ಸಿನ, ಅವರದೇ ನೆರೆಹೊರೆಯ 2,916 ಮಂದಿಯೊಂದಿಗೆ ಹೋಲಿಸಿದರು. ಒಬ್ಬರಿಗೆ ನಾಲ್ವರು. ಲಸಿಕೆಯಿಂದ ಅಪಾಯ ಹೆಚ್ಚಾಗಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯದ ಜೊತೆ ಕಾಣಿಸಿಕೊಂಡದ್ದು ಕೋವಿಡ್‌ನಿಂದ ಆಸ್ಪತ್ರೆಗೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವು ಆಗಿದ್ದದ್ದು, ಸಾವಿಗೆ ಮುನ್ನ 48 ಗಂಟೆಯೊಳಗೆ ಮಿತಿಮೀರಿ ಕುಡಿದದ್ದು ಅಥವಾ ಅತಿ ಶ್ರಮದ ದೈಹಿಕ ಚಟುವಟಿಕೆ. ಇದೇ ವಿಧಾನವನ್ನು ಮಕ್ಕಳಿಂದ ಮಾಡಿಸಬಹುದು. “ಕಳೆದ ವಾರ ನೆಗಡಿಯಾದವರು ಮಳೆಯಲ್ಲಿ ನೆನೆದಿದ್ದರೇ?” ಎಂದು ಕೇಳಿ; ಆಮೇಲೆ ನೆಗಡಿಯಾಗದವರಿಗೂ ಅದೇ ಪ್ರಶ್ನೆ ಕೇಳಿ. ಎರಡನೆಯ ಪ್ರಶ್ನೆ ಯಾಕೆ ಬೇಕು ಎಂದು ಮಗುವೇ ಹೇಳಿದರೆ ಕಲಿಕಾಂಶ ಈಡೇರಿದಂತೆ.

ಮೂರನೇ ಪ್ರಶ್ನೆ: “ನಮ್ಮ ತಾತನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ನಂಗೂ ಬರುತ್ತಾ?”

ಇದು ‘ಅನುವಂಶೀಯತೆ’ ಪಾಠಕ್ಕೆ ಸೇರಿದ್ದು. ಆದರೆ ಅಲ್ಲಿನ ಬಟಾಣಿ ಗಿಡದ ಲೆಕ್ಕದಿಂದ ಇದಕ್ಕೆ ಉತ್ತರ ಕೊಡಲಾಗದು. ಎತ್ತರ, ಗಿಡ್ಡ ಎಂಬಂತೆ ಹೃದಯದ ಕಾಯಿಲೆಯನ್ನು ಒಂದು ವಂಶವಾಹಿ ತೀರ್ಮಾನಿಸುವುದು ಅಪರೂಪ. 2009ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ ತಂಡ ಒಂದು ಬದಲಾವಣೆಯನ್ನು ವರದಿ ಮಾಡಿತು. ಹೃದಯದ ಸ್ನಾಯುವಿನ ಒಂದು ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿಯಲ್ಲಿ 25 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿರುತ್ತದೆ. ದಕ್ಷಿಣ ಏಷ್ಯಾದ ನೂರರಲ್ಲಿ ಸುಮಾರು 4 ಮಂದಿಯಲ್ಲಿ ಇದು ಇದೆ. ಇದ್ದವರಲ್ಲಿ ಹೃದಯದ ಸ್ನಾಯು ದುರ್ಬಲವಾಗುವ ಅಪಾಯ ಹೆಚ್ಚು. 2018ರ ಇನ್ನೊಂದು ಅಧ್ಯಯನ, ಈ ಬದಲಾವಣೆ ಇರುವವರಲ್ಲಿ ಕೆಲವರಿಗೆ ಅದರ ಜೊತೆಗೇ ಮತ್ತೊಂದು ಬದಲಾವಣೆಯೂ ಇದೆ, ತೊಂದರೆ ಹೆಚ್ಚಾಗಿ ಕಾಣುವುದು ಅವರಲ್ಲಿ ಎಂದು ತೋರಿಸಿತು.

ಇಲ್ಲಿ ಎರಡು ಸೂಚನೆ. ಸ್ನಾಯು ದುರ್ಬಲವಾಗುವುದು ಬೇರೆ, ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತ ಬೇರೆ, ಇವನ್ನು ಬೆರೆಸಬಾರದು. ಎರಡನೆಯದಾಗಿ, ತಾತನಿಂದ ಬರುವುದು ಅಪಾಯದ ಒಂದು ಪಾಲು, ತೀರ್ಪಲ್ಲ. ಮಗುವಿಗೆ ಹೇಳಬಹುದಾದ ಮಾತು: “ಬರಲೇಬೇಕೆಂದಿಲ್ಲ. ಮನೆಯಲ್ಲಿ ಆಗಿರುವುದರಿಂದ ದೊಡ್ಡವರು ಬಿ.ಪಿ., ಶುಗರ್ ಪರೀಕ್ಷೆ ಮಾಡಿಸಿಕೊಳ್ಳಲಿ.”

ಕೇಳದೇ ಉಳಿದ ಪ್ರಶ್ನೆ

ಕೆಲವು ಮಕ್ಕಳು ಏನೂ ಕೇಳುವುದಿಲ್ಲ. ಎದೆ ಹೊಡೆದುಕೊಂಡರೆ ಸಾಕು, ತಮಗೂ ಅದೇ ಆಯಿತೆಂದು ಹೆದರುತ್ತಾರೆ. ಭಯವಾದಾಗ ಅಡ್ರಿನಲಿನ್ ಸ್ರವಿಸಿ ಹೃದಯ ಬಡಿತ ಹೆಚ್ಚುತ್ತದೆ, ಎದೆ ಬಿಗಿಯುತ್ತದೆ; ಅದರಿಂದ ಭಯ ಇನ್ನೂ ಏರುತ್ತದೆ. ಈ ಸುತ್ತನ್ನು ಚಿತ್ರ ಬರೆದು ವಿವರಿಸುವುದೇ ಅರ್ಧ ಸಮಾಧಾನ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಸುಮಾರು 7.3 ಪ್ರತಿಶತ ಮಂದಿಗೆ ಮಾನಸಿಕ ಆರೋಗ್ಯದ ತೊಂದರೆ ಕಂಡುಬಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಮೂವರು. ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಸೂಚನಾ ಫಲಕದಲ್ಲಿ ಬರೆದಿಡಿ. ಆದರೂ ಎದೆನೋವು ನಿಲ್ಲದಿದ್ದರೆ ಅದನ್ನು ಬರೀ ಭಯವೆಂದು ನಾವೇ ತೀರ್ಮಾನಿಸಬಾರದು; ವೈದ್ಯರು ನೋಡಲಿ.

ಪಾಠ ಯೋಜನೆಗೆ

ಇಂಥ ಪಾಠಕ್ಕೆ ಮೂರು ಕಲಂ ಸಾಕು: ಸುದ್ದಿ ಏನು ಹೇಳುತ್ತದೆ, ಅದು ಹೇಗೆ ತಿಳಿಯಿತು, ನಾವೇನು ಮಾಡಬಹುದು. ಮೂರನೆಯದನ್ನು ಖಾಲಿ ಬಿಡಬಾರದು. ನಮ್ಮ ಕಡೆ ಎದೆನೋವೆಂದರೆ “ಗ್ಯಾಸ್ಟ್ರಿಕ್” ಎಂದು ಸೋಡಾ ಕುಡಿದು ಮಲಗುವ ರೂಢಿಯಿದೆ. ಎದೆಯ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ 108ಕ್ಕೆ ಕರೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೇಗ ತಲುಪಿದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ರಾತ್ರಿ ಹೊತ್ತಿನಲ್ಲಿ ಮನೆಯಲ್ಲಿ ಫೋನ್ ಎತ್ತಿಕೊಳ್ಳುವುದು ಎಷ್ಟೋ ಸಲ ಹತ್ತನೇ ತರಗತಿಯ ಹುಡುಗನೋ ಹುಡುಗಿಯೋ ಆಗಿರುತ್ತಾರೆ.

ಪಾಠಕ್ಕೆ ಮುಂಚೆ ತರಗತಿ ಶಿಕ್ಷಕರನ್ನು ಒಂದು ಮಾತು ಕೇಳಿಕೊಳ್ಳಿ: ಈ ವರ್ಷ ಯಾವ ಮಗುವಿನ ಮನೆಯಲ್ಲಿ ಸಾವಾಗಿದೆ? ಆ ಮಗುವಿಗೆ ಮೊದಲೇ ತಿಳಿಸಿ, ಬೇಡವೆಂದರೆ ಆ ಅವಧಿ ಗ್ರಂಥಾಲಯದಲ್ಲಿ ಕೂರಲು ಬಿಡಿ.